ಅವಳ ಬದಲು ನಾನು

ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ದೊಡ್ಡ ಡಾಕ್ಟರಮ್ಮ ಹೇಳಿದಾಗ ಹೊಲಿಗೆಯಮ್ಮನಿಗೆ ಭಯವಾಗಲಿಲ್ಲ. ‘ಅಬ್ಬಾ, ಅಂತೂ ಬಂತಲ್ಲ’ ಅನ್ನಿಸಿತು. ಕೇಳಿದವರು ಇವಳಿಗೆ ತಲೆ ಕೆಟ್ಟಿದೆ ಅಂದಾರು. ತಲೆ ನೆಟ್ಟಗೇ ಇತ್ತು. ಸುಸ್ತಾಗಿತ್ತು, ಅಷ್ಟೇ.

“ಈಗಲೇ ತೆಗೆದುಬಿಟ್ಟರೆ ಚಿಂತೆ ಇಲ್ಲಮ್ಮ. ಬಿಟ್ಟರೆ ಬೇರೆ ಕಡೆ ಹಬ್ಬುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ” ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ಆಕೆಗೆ ಇವಳ ಮೇಲೆ ಅಕ್ಕರೆ. ಇಬ್ಬರೂ ಒಂದೇ ಆಸ್ಪತ್ರೆಯ ಸಂಬಳ ತಿನ್ನುವವರು. ಡಾಕ್ಟರಮ್ಮ ಮೇಲಿನ ಮಹಡಿಯಲ್ಲಿ ಮನುಷ್ಯರನ್ನು ಹೊಲಿಯುತ್ತಿದ್ದಳು, ಇವಳು ಕೆಳಗೆ ಬಟ್ಟೆ ಒಗೆಯುವ ಮನೆಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಹೊದಿಕೆ ಹೊಲಿಯುತ್ತಿದ್ದಳು.

“ಯೋಚನೆ ಮಾಡ್ತೀನಿ ಡಾಕ್ಟ್ರೇ.”

“ಯೋಚನೆ ಮಾಡೋಕೆ ಇದರಲ್ಲಿ ಏನಿದೆ?”

“ಇದೆ” ಎಂದು ಹೊಲಿಗೆಯಮ್ಮ ಎದ್ದು ಬಂದಳು.

ಬಂದವಳೇ ಮಷೀನಿನ ಮುಂದೆ ಕೂತಳು. ಪಕ್ಕದ ಕೋಣೆಯ ಬಿಸಿ ಹಬೆ ಬಾಗಿಲ ಸಂದಿಯಿಂದ ನುಗ್ಗುತ್ತಿತ್ತು, ಸೋಪಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮೇಜಿನ ಮೇಲೆ ಹಾಸಿಗೆ ಬಟ್ಟೆಗಳ ರಾಶಿ. ರೋಗಿಗಳು ಹೊರಳಾಡಿ ಹೊರಳಾಡಿ ಬಟ್ಟೆ ಸವೆಯುವುದು ಯಾವಾಗಲೂ ನಡುಮಧ್ಯೆ. ಅಂಚು ಮಾತ್ರ ಹೊಸದರಂತೆ ಗಟ್ಟಿ. ಅದಕ್ಕೇ ಅದನ್ನು ನಡುವೆ ಉದ್ದಕ್ಕೆ ಸೀಳಿ, ಗಟ್ಟಿ ಅಂಚುಗಳನ್ನು ಮಧ್ಯಕ್ಕೆ ತಂದು ಜೋಡಿಸಿ, ಸವೆದದ್ದನ್ನು ಹೊರಗೆ ಹಾಕಿ ಮಡಿಸಿ ಹೊಲಿಯಬೇಕು. ಹಾಗೆ ಮಾಡಿದರೆ ಸತ್ತ ಬಟ್ಟೆ ಇನ್ನೊಂದಷ್ಟು ದಿನ ಬದುಕುತ್ತದೆ. ಅವಳು ಕತ್ತರಿ ತೆಗೆದುಕೊಂಡು ಮೊದಲನೆಯದನ್ನು ಸೀಳಿದಳು. ಗೆರೆ ಎಳೆದಷ್ಟು ನೆಟ್ಟಗೆ ಬಂತು.

ಇಷ್ಟೊಂದು ನೆಮ್ಮದಿ ಯಾಕೆ ಅಂತೀರಾ? ಅದಕ್ಕೊಂದು ಕಾರಣವಿತ್ತು. ಲೋಕದಲ್ಲಿ ಅವಳನ್ನೂ ದೇವರನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲದ ಕಾರಣ.

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಅವಳಿಗೆ ಮಿದುಳು ಜ್ವರ ಬಂದಿತ್ತು. ಇದೇ ಆಸ್ಪತ್ರೆ. ಮೂರು ದಿನ ಮಗುವಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ನಮ್ಮ ಕೈಲಾದದ್ದೆಲ್ಲ ಮಾಡಿದ್ದೀವಿ’ ಅಂದುಬಿಟ್ಟರು. ಆ ಮಾತಿನ ಅರ್ಥ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಲಿಗೆಯಮ್ಮ ಓಣಿಯ ಕೊನೆಗೆ ಹೋಗಿ, ಸುಣ್ಣ ಉದುರಿದ ಗೋಡೆಗೆ ಹಣೆ ಹಚ್ಚಿ, ‘ಅವಳ ಬದಲು ನನ್ನನ್ನ ಕರ್ಕೋ’ ಅಂದಳು. ಬಾಯಿಮಾತಿಗೆ ಅಂದದ್ದಲ್ಲ. ಒಂದೊಂದು ಅಕ್ಷರವನ್ನೂ ಯೋಚಿಸಿ, ಒಪ್ಪಿ, ಕೊಟ್ಟ ಮಾತು. ಮಾರನೆಯ ಬೆಳಿಗ್ಗೆ ಮಗಳು ಕಣ್ಣು ಬಿಟ್ಟು “ಅಮ್ಮಾ, ನೀರು” ಅಂದಳು.

ಅವತ್ತಿನಿಂದ ಶುರುವಾಯಿತು ನೋಡಿ ಕಾಯುವುದು. ನೆಗಡಿಯಾದರೆ ‘ಇದೇ ಇರಬೇಕು’, ಮೆಟ್ಟಿಲಲ್ಲಿ ಕಾಲು ಜಾರಿದರೆ ‘ಇದೇ ಇರಬೇಕು’. ತಾನು ಹೋದಮೇಲೆ ಬೇರೆಯವರಿಗೆ ತೊಂದರೆಯಾಗಬಾರದೆಂದು ಕಪಾಟು ಸದಾ ಅಚ್ಚುಕಟ್ಟು. ಹೊಸ ಚಪ್ಪಲಿ ಕೊಳ್ಳುವ ಮಾತೆತ್ತಿದರೆ ‘ಯಾಕೆ ದಂಡ’ ಅನ್ನುವಳು. ಮುಂದಿನ ಈಸ್ಟರಿನಾಚೆಗೆ ಯಾವ ಯೋಜನೆಯನ್ನೂ ಹಾಕಿಕೊಂಡವಳಲ್ಲ. ಮಗಳು ಬೆಳೆದಳು, ಶಾಲಾ ವ್ಯಾನು ಓಡಿಸುವ ಕೆಲಸಕ್ಕೆ ಸೇರಿದಳು, ಮದುವೆಯಾದಳು, ಅವಳಿಗೊಬ್ಬಳು ಮಗಳೂ ಹುಟ್ಟಿದಳು. ಕರೆದುಕೊಂಡು ಹೋಗುತ್ತೇನೆಂದು ಒಪ್ಪಿದವನು ಮಾತ್ರ ಬರಲೇ ಇಲ್ಲ. ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತವರ ಕಾಲು ನೋಯುವುದಿಲ್ಲವೇ? ಇವಳದು ಆ ಪಾಡು. ಬದುಕೂ ಅಲ್ಲ, ಸಾವೂ ಅಲ್ಲ, ಬರೀ ನಿಂತು ನಿಂತು ಆದ ದಣಿವು.

ಭಾನುವಾರ ಚರ್ಚಿನ ಬಲಿಪೂಜೆಗೆ ಹೋದಾಗ ಅವಳು ಶಿಲುಬೆಯನ್ನು ನೋಡುತ್ತಿದ್ದದ್ದೂ ಹಾಗೆಯೇ, ಒಂದೇ ಕಸುಬಿನವರು ಒಬ್ಬರನ್ನೊಬ್ಬರು ನೋಡುವಂತೆ. ಅವನು ಲೋಕಕ್ಕಾಗಿ ತನ್ನನ್ನು ಕೊಟ್ಟ, ನಾನು ಮಗಳಿಗಾಗಿ ಕೊಟ್ಟೆ. ಕೆಲಸ ಒಂದೇ, ಅಳತೆ ಬೇರೆ ಎಂದು ಅವಳ ಲೆಕ್ಕ. ಇದರಲ್ಲಿ ಏನೋ ತಪ್ಪಿದೆ ಎಂದು ಒಂದು ದಿನವೂ ಅವಳಿಗೆ ಅನ್ನಿಸಿರಲಿಲ್ಲ.

ಈಗ ಗಡ್ಡೆ ಬಂದಿದೆ. ಅಂದರೆ ಕರೆ ಬಂದಿದೆ. ಅದನ್ನು ಕುಯ್ದು ತೆಗೆಸಿಕೊಂಡರೆ ಏನಾಯಿತು? ಕೊಟ್ಟದ್ದನ್ನು ವಾಪಸು ಕಿತ್ತುಕೊಂಡ ಹಾಗಾಯಿತು. ಆಗ ದೇವರು ಸುಮ್ಮನಿರುತ್ತಾನೆಯೇ? ಅಂದು ಉಳಿಸಿಕೊಟ್ಟ ಮಗಳನ್ನೇ ವಾಪಸು ಕೇಳುತ್ತಾನೆ. ಮಗಳು ದಿನವೂ ವ್ಯಾನು ಓಡಿಸುತ್ತಾಳೆ, ಒಂದು ಲಾರಿ ಅಡ್ಡ ಬಂದರೆ ಸಾಕು. ಇದನ್ನು ನೆನೆದಾಗ ಮಾತ್ರ ಹೊಲಿಗೆಯಮ್ಮನ ಜೀವ ಬಾಯಿಗೆ ಬರುತ್ತಿತ್ತು. ತನ್ನ ಸಾವು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಬದುಕಿ ಉಳಿದರೆ ಮಗಳನ್ನು ಕೊಂದಂತೆ ಎನ್ನುವುದೇ ಅವಳ ಭಯ.

ಹಾಗಾಗಿ ಅವಳು ಆಪರೇಷನ್ ಬೇಡ ಅಂದಳು. ಅಂದವಳು ಕಲ್ಲಿನಂತೆ ಕೂತಳು.

ಗಂಡ ಬೀಗ ರಿಪೇರಿಯವನು. ಪೇಟೆ ಮೂಲೆಯಲ್ಲಿ ಗೂಡಂಗಡಿ ಇಟ್ಟುಕೊಂಡು ಕೀಲಿ ಅರೆಯುತ್ತಿದ್ದ. ಎಂಥ ಮೊಂಡು ಬೀಗವಾದರೂ ಕಿವಿ ಹಚ್ಚಿ ಕೇಳಿ, ಸೂಜಿ ಹಾಕಿ ತಿರುವಿ, ಸಮಾಧಾನದಿಂದ ತೆಗೆಯುವವನು. ಹೆಂಡತಿಯ ಮುಂದೆ ಆ ಸಮಾಧಾನವೆಲ್ಲ ಗಾಳಿಗೆ ಹೋಗುತ್ತಿತ್ತು.

“ಅಲ್ಲ ಕಣೇ, ಹೊಟ್ಟೆ ಕುಯ್ಯೋದು ಅಂದ್ರೆ ಅಷ್ಟು ಭಯಾನಾ? ಕುಯ್ಯೋವಾಗ ನೀನು ಎಚ್ಚರವಾಗಿ ಇರೋದಿಲ್ವಲ್ಲ!”

“ಕೆಲಸ ಇದೆ ರೀ. ಹೊಸದಾಗಿ ಸೇರಿದ ಹುಡುಗಿಗೆ ನೆಟ್ಟಗೆ ಒಂದು ಗೆರೆ ಹೊಲಿಯೋಕೆ ಬರಲ್ಲ. ರಜೆ ಹಾಕಿದ್ರೆ ಎಲ್ಲ ಗುಡ್ಡೆ ಬೀಳುತ್ತೆ.”

“ಬೀಳ್ಲಿ! ಆಸ್ಪತ್ರೆ ಬಟ್ಟೆ ಹರಿದ್ರೆ ಹರೀಲಿ. ರೋಗಿಗಳು ಬರೀ ಹಾಸಿಗೆ ಮೇಲೆ ಮಲಗ್ತಾರೆ. ನಿನ್ನಿಂದಲೇ ಬೆಳಗಾಗುತ್ತೆ ಅಂದ್ಕೊಂಡಿದ್ದೀಯಾ?”

“ಈಸ್ಟರ್ ಆಗ್ಲಿ, ನೋಡೋಣ.”

“ನೋಡೋಕೆ ನೀನಿರ್ತೀಯಾ?” ಎಂದು ಕೂಗಿಬಿಟ್ಟು, ಕೂಗಿದ್ದಕ್ಕೆ ತಾನೇ ನಾಚಿ, ಬಚ್ಚಲಿಗೆ ಹೋಗಿ ನಲ್ಲಿ ತಿರುವಿದ. ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು. ಅಷ್ಟು ಹೊತ್ತು ಯಾರೂ ಕೈ ತೊಳೆಯುವುದಿಲ್ಲ ಎಂದು ಹೊಲಿಗೆಯಮ್ಮನಿಗೂ ಗೊತ್ತಿತ್ತು. ಎದ್ದು ಹೋಗಿ ಬಾಗಿಲು ತಟ್ಟಬೇಕು ಅನ್ನಿಸಿತು. ತಟ್ಟಿದರೆ ಬಾಯಿ ಬಿಡಬೇಕಾಗುತ್ತದೆ ಎಂದು ಕೂತೇ ಇದ್ದಳು.

ಮಗಳದು ಇನ್ನೊಂದು ರೀತಿ. ವ್ಯಾನಿನ ಮಕ್ಕಳನ್ನೆಲ್ಲ ಮನೆಮನೆಗೆ ಇಳಿಸಿ, ತನ್ನ ಮಗಳು ಪುಟ್ಟಿಯನ್ನು ಕಂಕುಳಲ್ಲಿ ಎತ್ತಿಕೊಂಡು, ದಿನಾ ಸಂಜೆ ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಲ್ಲುವಳು.

“ಸೋಮವಾರ ಬೆಳಿಗ್ಗೆ ರೆಡಿ ಇರು. ವ್ಯಾನಲ್ಲಿ ನಾನೇ ಕರ್ಕೊಂಡು ಹೋಗ್ತೀನಿ.”

“ನಿನ್ನ ವ್ಯಾನಿಗೆ ಬ್ರೇಕ್ ನೋಡಿಸಿದ್ಯಾ?”

“ಅಮ್ಮಾ! ನಾನು ಹೇಳ್ತಿರೋದೇನು, ನೀನು ಕೇಳ್ತಿರೋದೇನು?”

ಹಾಗೆ ಅನ್ನುತ್ತಲೇ ಮಗಳಿಗೆ ಒಂದು ಕೆಮ್ಮು ಬಂತು. ಒಗ್ಗರಣೆಯ ಹೊಗೆಗೆ ಯಾರಿಗಾದರೂ ಬರುವ ಕೆಮ್ಮು. ಹೊಲಿಗೆಯಮ್ಮನ ಕೈಯಲ್ಲಿದ್ದ ಸೌಟು ದಡಕ್ಕನೆ ಕೆಳಗೆ ಬಿತ್ತು. ಓಡಿ ಬಂದು ಮಗಳ ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು. ಮಗಳು ಆ ಕೈಯನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. “ಹೊಟ್ಟೇಲಿ ಗಡ್ಡೆ ಇರೋದು ನಿನಗೆ, ಜ್ವರ ನೋಡೋದು ನನಗೆ. ಏನಮ್ಮ ನಿನ್ನ ಕಥೆ?” ಅಂದಳು. ಅಮ್ಮ ಬಿದ್ದ ಸೌಟು ಎತ್ತಿ ತೊಳೆಯತೊಡಗಿದಳು.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಕೊನೆಯ ಶುಕ್ರವಾರ ಅವಳು ಚರ್ಚಿಗೆ ಹೋದಳು. ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದು ಜನ ಚದುರಿದ್ದರು. ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿತ್ತು. ಪಾದ್ರಿ ಪೂಜೆಯ ಉಡುಪು ತೂಗುಹಾಕುವ ಪಕ್ಕದ ಕೋಣೆಯಲ್ಲಿ ಬೂಟು ಕಳಚಿ, ಊದಿದ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ವಯಸ್ಸಾದ ಜೀವ. ಮೂರು ಚರ್ಚು ಒಬ್ಬರೇ ನೋಡಿಕೊಳ್ಳಬೇಕು, ಅದರ ಮೇಲೆ ಉಪವಾಸ. ಇವಳನ್ನು ಕಂಡು ಕಾಲು ಇಳಿಸಲು ಹೋದರು.

“ಇರ್ಲಿ ಫಾದರ್, ಹಾಗೇ ಇರಿ. ಪಾಪನಿವೇದನೆ ಮಾಡ್ಬೇಕಿತ್ತು.”

“ಕೂತ್ಕೊಳಮ್ಮ” ಎಂದು ಅವರು ಕತ್ತಿಗೆ ನೇರಳೆ ಪಟ್ಟಿ ಹಾಕಿಕೊಂಡು ಕಣ್ಣು ಮುಚ್ಚಿದರು.

ಸಿಟ್ಟು ಮಾಡಿಕೊಂಡದ್ದು, ಹೊಸ ಹುಡುಗಿಗೆ ಬೈದದ್ದು, ಗಂಡನಿಗೆ ಸುಳ್ಳು ಹೇಳಿದ್ದು ಎಲ್ಲ ಹೇಳಿದಳು. “ಏನು ಸುಳ್ಳು?” ಎಂದು ಪಾದ್ರಿ ಸುಮ್ಮನೆ ಕೇಳಿದರು. ಅಷ್ಟೇ ಸಾಕಾಯಿತು. ಅಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು ಕಟ್ಟೆಯೊಡೆದು ಹೊರಬಂತು. ಆಸ್ಪತ್ರೆಯ ಓಣಿ, ಗೋಡೆ, ಕೊಟ್ಟ ಮಾತು, ಕಾದದ್ದು, ಗಡ್ಡೆ, ಮಗಳ ವ್ಯಾನು. ಹೇಳಿ ಮುಗಿಸುವ ಹೊತ್ತಿಗೆ ಪಾದ್ರಿ ಕಣ್ಣು ಬಿಟ್ಟಿದ್ದರು. ಪಾಪನಿವೇದನೆ ಕೇಳುವಾಗ ಅವರು ಕಣ್ಣು ಬಿಡುವುದೇ ಅಪರೂಪ.

“ಅಬ್ರಹಾಮನ ಕಥೆ ನೆನಪಿದ್ಯೇನಮ್ಮ? ಮಗನ ಮೇಲೆ ಕತ್ತಿ ಎತ್ತಿದವನ ಕೈಯನ್ನ ದೇವರೇ ತಡೆದ. ಅವನಿಗೆ ಬಲಿ ಬೇಕಿರಲಿಲ್ಲ.”

“ಮಗನ್ನ ಬಿಟ್ಟ ಫಾದರ್. ಟಗರನ್ನ ಬಿಡಲಿಲ್ವಲ್ಲ! ಪೊದೆಯಲ್ಲಿ ಕೊಂಬು ಸಿಕ್ಕಿಸಿಕೊಂಡು ನಿಂತಿತ್ತಲ್ಲ, ಅದನ್ನ ಕಡಿದ್ರು. ಮಗು ಬದಲಿಗೆ ಏನಾದ್ರೂ ಒಂದು ಹೋಗ್ಲೇಬೇಕು. ಆ ಟಗರು ನಾನು.”

ಪಾದ್ರಿ ಕಕ್ಕಾಬಿಕ್ಕಿಯಾದರು. ಅಷ್ಟು ವರ್ಷ ಆ ಕಥೆಯ ಮೇಲೆ ಬೋಧನೆ ಮಾಡಿದ್ದರು. ಟಗರಿನ ಕಡೆಯಿಂದ ಯಾರೂ ಮಾತಾಡಿರಲಿಲ್ಲ. ಮೊಣಕಾಲು ನೀವಿಕೊಂಡರು.

“ಆ ಟಗರು ನೀನಲ್ಲ ಕಣಮ್ಮ. ಆ ಜಾಗದಲ್ಲಿ ಒಬ್ಬ ನಿಂತಾಗಿದೆ. ಎಲ್ಲರ ಬದಲೂ ನಿಂತಾಗಿದೆ. ಅಲ್ಲಿ ಇನ್ನೊಬ್ಬರಿಗೆ ಜಾಗ ಇಲ್ಲ. ನೀನು ಹೋಗಿ ತಳ್ಳಾಡಿದ್ರೂ ಇಲ್ಲ.”

“ನೀವು ಹೇಳ್ತೀರ ಫಾದರ್. ನಿಮ್ಮ ಮಗಳಲ್ಲವಲ್ಲ.”

ಮಾತು ಆಡಿದ ಮೇಲೆ ಅವಳಿಗೇ ಕೆಡುಕೆನಿಸಿತು. ಪಾದ್ರಿಯ ಮುಖ ಸಣ್ಣದಾಯಿತು. ಅವರೇನೂ ಸಿಟ್ಟಾಗಲಿಲ್ಲ.

“ನಿಜ. ನನಗೆ ಮಗಳಿಲ್ಲ” ಅಂದರು. “ಹಾಗಾಗಿ ಜಾಸ್ತಿ ಮಾತಾಡೋಕೆ ನನಗೆ ಬಾಯಿಲ್ಲ. ಒಂದು ಮಾತ್ರ ಹೇಳ್ತೀನಿ. ನಿನ್ನ ಪ್ರೀತಿ ಅವನಿಗೆ ಕೇಳಿಸಿರುತ್ತೆ. ನಿನ್ನ ಕರಾರನ್ನ ಅವನು ಒಪ್ಪಿದ ಅಂತ ನಿನಗೆ ಯಾರು ಹೇಳಿದ್ರು?”

“ಮಗಳು ಬೆಳಿಗ್ಗೆ ಎದ್ದಳಲ್ಲ.”

“ಎದ್ದಳು” ಎಂದು ಪಾದ್ರಿ ನಿಟ್ಟುಸಿರು ಬಿಟ್ಟರು. “ಸರಿ. ನಿನ್ನ ಪ್ರಾಯಶ್ಚಿತ್ತ ಕೇಳಿಸ್ಕೋ. ಈ ವಿಷಯ ಮನೇಲಿ ಹೇಳು. ಗಂಡನಿಗೂ ಹೇಳು, ಮಗಳಿಗೂ ಹೇಳು.”

ಹೊಲಿಗೆಯಮ್ಮ ಗಾಬರಿಯಾದಳು. “ಅದೊಂದು ಬೇಡ ಫಾದರ್! ಜಪಸರ ಕೊಡಿ, ಎಷ್ಟು ಬೇಕಾದ್ರೂ ಹೇಳ್ತೀನಿ. ಮೊಣಕಾಲೂರಿ ಹೇಳ್ತೀನಿ.”

“ನೀನು ಹೇಳ್ತೀಯ ಅಂತ ಗೊತ್ತಿರೋದಕ್ಕೇ ಜಪಸರ ಕೊಡ್ತಿಲ್ಲ. ನಾನಂತೂ ಯಾರಿಗೂ ಹೇಳೋ ಹಾಗಿಲ್ಲ, ನನ್ನ ಬಾಯಿಗೆ ಬೀಗ. ನೀನೇ ಹೇಳ್ಬೇಕು. ಹೋಗು ತಾಯಿ, ಇಬ್ಬರಿಗೂ ಸುಸ್ತಾಗಿದೆ.”

ಎರಡು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದಳು. ಪಾದ್ರಿ ಕೊಟ್ಟ ಪ್ರಾಯಶ್ಚಿತ್ತ ಮಾಡದೆ ಪರಮಪ್ರಸಾದ ತೆಗೆದುಕೊಳ್ಳಲು ಅವಳ ಮನಸ್ಸು ಒಪ್ಪಲಿಲ್ಲ. ಈಸ್ಟರಿಗೆ ವಾರ ಮುಂಚಿನ ಗರಿಗಳ ಭಾನುವಾರ ಎಲ್ಲರೂ ಪ್ರಸಾದಕ್ಕೆ ಸಾಲಿನಲ್ಲಿ ಹೋದಾಗ ಬೆಂಚಿನಲ್ಲೇ ಉಳಿದಳು. ಗಂಡ ತಿರುಗಿ ತಿರುಗಿ ನೋಡಿದ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಮಗಳು ತಟ್ಟೆ ಎತ್ತುತ್ತಿದ್ದಳು, ಪುಟ್ಟಿ ಒಳಗಿನ ಕೋಣೆಯಲ್ಲಿ ನಿದ್ದೆ ಹೋಗಿದ್ದಳು. ಹೊಲಿಗೆಯಮ್ಮ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತುತ್ತಾ, ಯಾರ ಮುಖವನ್ನೂ ನೋಡದೆ, ಹೇಳಿ ಮುಗಿಸಿದಳು. ಹತ್ತು ಮಾತಿನಲ್ಲಿ ಮುಗಿದುಹೋಯಿತು. ಅಷ್ಟು ವರ್ಷ ಹೊತ್ತದ್ದು ಇಷ್ಟೇ ಚಿಕ್ಕದಾಗಿತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಮಗಳು ತಟ್ಟೆಗಳನ್ನು ಮೇಜಿನ ಮೇಲೆ ಕುಕ್ಕಿದಳು.

“ಯಾರು ಕೇಳಿದ್ರು ನಿನ್ನನ್ನ?”

“ಮೆಲ್ಲಗೆ, ಮಗು ಏಳುತ್ತೆ.”

“ಏಳ್ಲಿ! ಯಾರು ಕೇಳಿದ್ರಮ್ಮ ನಿನ್ನನ್ನ? ನಾನು ಕೇಳಿದ್ನಾ? ನಾನು ನಕ್ಕರೆ ನೀನು ಹೆದರ್ಕೋತೀಯ, ಕೆಮ್ಮಿದ್ರೆ ಹೆದರ್ಕೋತೀಯ. ಚಿಕ್ಕವಳಿದ್ದಾಗಿನಿಂದ ನೋಡ್ತಾ ಇದ್ದೀನಿ. ನನ್ನಲ್ಲೇ ಏನೋ ಕೊರತೆ ಇದೆ, ಅಮ್ಮನಿಗೆ ನನ್ನ ಕಂಡ್ರೆ ಖುಷಿ ಇಲ್ಲ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು. ನೀನು ನನ್ನನ್ನ ನೋಡ್ತಾನೇ ಇರ್ಲಿಲ್ಲ. ನನ್ನ ಹಿಂದೆ ಯಾರು ಬರ್ತಾರೆ ಅಂತ ನೋಡ್ತಿದ್ದೆ!”

“ಹಾಗಲ್ಲ ಕಣೇ...”

“ಮತ್ತೆ ಹೇಗೆ? ನೀನು ಸಾಯ್ತೀಯ, ಸರಿ. ನಾನು ಆ ಸಾವನ್ನ ಕುತ್ತಿಗೆಗೆ ಕಟ್ಟಿಕೊಂಡು ಓಡಾಡ್ಲಾ? ನಾಳೆ ಪುಟ್ಟಿಗೆ ಜ್ವರ ಬಂದ್ರೆ ನಾನೂ ಹೀಗೇ ಗೋಡೆ ಹತ್ರ ಹೋಗಿ ನಿಂತ್ಕೊಳ್ಲಾ? ಆಮೇಲೆ ಅವಳು? ಇದಕ್ಕೆ ಕೊನೆ ಎಲ್ಲಿ, ಅದನ್ನಾದ್ರೂ ಹೇಳು!”

ಮಗಳು ಕೂತು ಮುಖ ಮುಚ್ಚಿಕೊಂಡು ಅತ್ತಳು. ಹೊಲಿಗೆಯಮ್ಮ ಬೆರಳಿಗಂಟಿದ ಚೂರುಗಳನ್ನು ತಟ್ಟೆಗೆ ಉದುರಿಸಿದಳು. ಮಗಳಿಗೆ ಕೊಟ್ಟದ್ದು ಜೀವ ಎಂದುಕೊಂಡಿದ್ದಳು. ಭಾರ ಕೊಟ್ಟೆನೇ ಎಂದು ಇದೇ ಮೊದಲು ಅನ್ನಿಸಿದ್ದು.

ಅಷ್ಟರಲ್ಲಿ ಒಂದು ವಿಚಿತ್ರ ಸದ್ದು ಬಂತು. ತಿರುಗಿ ನೋಡಿದರೆ ಗಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದು. ಕಬ್ಬಿಣದ ಪುಡಿ ಹತ್ತಿ ಕಪ್ಪಾದ ಬೆರಳುಗಳಿಂದ ಕಣ್ಣು ಒರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಿದ್ದ.

“ಏನ್ರೀ, ಏನಾಯ್ತು ನಿಮಗೆ?”

“ನಾನೂ ಕೇಳಿದ್ದೆ ಕಣೇ.”

“ಏನನ್ನ?”

“ಅದನ್ನೇ. ‘ಅವಳನ್ನ ಬಿಡು, ನನ್ನನ್ನ ತಗೋ’ ಅಂತ. ನೀನು ಮೇಲೆ ಇದ್ದೆ. ನಾನು ಕೆಳಗೆ ಔಷಧಿ ಅಂಗಡಿ ಸಾಲಿನಲ್ಲಿ ನಿಂತಿದ್ದೆ. ಮುಂದೆ ಒಬ್ಬ, ಹಿಂದೆ ಒಬ್ಬ, ಮಧ್ಯ ನಾನು ದೇವರ ಹತ್ರ ಮಾತಾಡ್ತಾ ಇದ್ದೆ. ಹಿಂದಿನವನು ‘ಮುಂದೆ ಹೋಗ್ರೀ’ ಅಂತ ತಳ್ಳಿದ.”

ಹೊಲಿಗೆಯಮ್ಮ ಬಾಯಿ ತೆರೆದು ಕೂತಳು. “ನೀವಾ?”

“ಯಾಕೆ, ನಾನು ಅಪ್ಪ ಅಲ್ವಾ? ಇದೇನು ನಿನಗೊಬ್ಬಳಿಗೇ ಬರೆದುಕೊಟ್ಟಿರೋದಾ?”

“ಮತ್ತೆ ಹೇಳಲೇ ಇಲ್ವಲ್ಲ!”

“ನೀನು ಹೇಳಿದ್ಯಾ?”

ಮಗಳು ಅಳುವುದನ್ನು ನಿಲ್ಲಿಸಿ ಒಮ್ಮೆ ಅಪ್ಪನನ್ನು, ಒಮ್ಮೆ ಅಮ್ಮನನ್ನು ನೋಡುತ್ತಿದ್ದಳು.

“ಆಮೇಲೆ? ನೀವು ಕಾಯಲಿಲ್ವಾ?”

“ಕಾದೆ. ಸುಳ್ಳು ಯಾಕೆ ಹೇಳ್ಲಿ, ಭಯಾನೂ ಆಗಿತ್ತು. ಸ್ವಲ್ಪ ದಿನ ರಸ್ತೆ ದಾಟೋಕೂ ಹೆದರ್ತಿದ್ದೆ. ಯಾರೂ ಬರ್ಲಿಲ್ಲ. ಇವಳು ಮತ್ತೆ ಶಾಲೆಗೆ ಹೋದಳು, ಹೋಮ್‌ವರ್ಕ್ ಮಾಡಲ್ಲ ಅಂತ ಹಟ ಮಾಡಿದಳು, ನಾನು ಬೈದೆ. ಬೈದು ಮುಗಿಸೋ ಹೊತ್ತಿಗೆ ಮರೆತೇ ಹೋಗಿತ್ತು.”

“ಮರೆತುಬಿಟ್ರಾ!” ಅವಳಿಗೆ ಮೈಯೆಲ್ಲ ಉರಿಯಿತು. ತಾನು ಒಂದು ದಿನವೂ ಮರೆಯದೆ, ಒಂದು ಜೊತೆ ಚಪ್ಪಲಿ ಕೊಳ್ಳದೆ ಕಾದದ್ದನ್ನು ಈ ಮನುಷ್ಯ ಹೋಮ್‌ವರ್ಕಿನ ಗಲಾಟೆಯಲ್ಲಿ ಮರೆತಿದ್ದ. ಮರೆತು, ಹೊಟ್ಟೆ ತುಂಬ ಉಂಡು, ಗೊರಕೆ ಹೊಡೆದು ಬದುಕಿದ್ದ. ಏನೂ ಆಗಿರಲಿಲ್ಲ, ಅವನಿಗೂ ಇಲ್ಲ, ಮಗಳಿಗೂ ಇಲ್ಲ. ಇಬ್ಬರು ಒಂದೇ ದಿನ, ಒಂದೇ ಆಸ್ಪತ್ರೆಯಲ್ಲಿ, ಒಂದೇ ಮಾತು ಕೊಟ್ಟಿದ್ದರು. ತೆಗೆದುಕೊಂಡವರು ಯಾರೂ ಇರಲಿಲ್ಲ.

“ಹಾಗಾದ್ರೆ ಇವಳನ್ನ ಉಳಿಸಿದ್ದು ಯಾರ್ರೀ?” ಎಂದಳು.

ಗಂಡ ಮಸಿ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

“ಯಾರು ಉಳಿಸಿದ್ರೋ ಅವರೇ” ಅಂದ. “ನಾವಲ್ಲ ಕಣೇ.”

ಆ ಮಾತಿಗೆ ಹೊಲಿಗೆಯಮ್ಮ ಅತ್ತಳು. ಮೊದಲು ಬಂದದ್ದು ಸಮಾಧಾನದ ಅಳುವಲ್ಲ, ಅವಮಾನದ್ದು. ಏನೂ ಇಲ್ಲದ ಬದುಕಿನಲ್ಲಿ ಅವಳಿಗೆ ಇದ್ದ ಒಂದೇ ಒಂದು ದೊಡ್ಡಸ್ತಿಕೆ ಅದು, ಮಗಳನ್ನು ಸಾವಿನ ಬಾಯಿಂದ ಬಿಡಿಸಿಕೊಂಡು ಬಂದವಳು ತಾನು ಎನ್ನುವುದು. ಬಾಯಿಬಿಟ್ಟು ಯಾರಿಗೂ ಹೇಳದಿದ್ದರೂ ಒಳಗೊಳಗೆ ಅದನ್ನು ಮುಟ್ಟಿ ನೋಡಿಕೊಂಡು ಸಂತೋಷಪಟ್ಟಿದ್ದಳು. ಈಗ ಅದೂ ಹೋಯಿತು. ಶಿಲುಬೆಯ ಪಕ್ಕ ತನಗೂ ಒಂದು ಚಿಕ್ಕ ಜಾಗ ಇದೆ ಎಂದುಕೊಂಡಿದ್ದಳಲ್ಲ, ಅಲ್ಲಿಂದ ಎಬ್ಬಿಸಿ ಕೆಳಗೆ, ಎಲ್ಲರ ಜೊತೆ ಬೆಂಚಿನ ಮೇಲೆ ಕೂರಿಸಿದ ಹಾಗಾಯಿತು. ಅತ್ತು ಅತ್ತು ತಲೆ ಭಾರವಾಗಿ ಹೋಗಿ ಮೊಮ್ಮಗಳ ಪಕ್ಕ ಬಿದ್ದುಕೊಂಡಳು. ಸಂಜೆಯವರೆಗೂ ಎಚ್ಚರವಾಗಲಿಲ್ಲ.

ಎದ್ದು ಬಂದಾಗ ಗಂಡ, ಮಗಳು ಅದೇ ಮೇಜಿನ ಹತ್ತಿರ ಟೀ ಹಿಡಿದು ಕೂತಿದ್ದರು. ಇಬ್ಬರೂ ಅವಳ ಬಾಯನ್ನೇ ನೋಡಿದರು.

“ನಾಳೆ ವ್ಯಾನು ತಗೊಂಡು ಬಾ” ಅಂದಳು. ನಂಬಿಕೆ ಬಂದಿತ್ತು ಎಂದೇನಲ್ಲ. ಹಟ ಹಿಡಿದು ಕೂರಲು ಮೈಯಲ್ಲಿ ಕಸುವಿರಲಿಲ್ಲ.

ಆದರೆ ಭಯ ಅಷ್ಟು ಸುಲಭಕ್ಕೆ ಬಿಟ್ಟುಹೋಗುವ ಪ್ರಾಣಿಯಲ್ಲ. ವಾರ್ಡಿನಲ್ಲಿ ಮಲಗಿದ ಮೇಲೆ ಅದು ಮತ್ತೆ ಹಾಸಿಗೆಯ ಪಕ್ಕಕ್ಕೆ ಬಂದು ಕೂತಿತು. ಗಂಡನ ಮಾತು ಹಗಲಿನಲ್ಲಿ ಸರಿ ಅನ್ನಿಸುವುದು, ದೀಪ ಆರಿಸಿದ ಮೇಲೆ ಸಂಶಯ. ದೇವರು ಅವನ ಮಾತನ್ನು ಒಪ್ಪದಿದ್ದರೆ ತನ್ನದನ್ನೂ ಒಪ್ಪಿಲ್ಲ ಅಂತ ಏನು ಗ್ಯಾರಂಟಿ? ಅವನಾದರೋ ಮರೆಗುಳಿ, ಅವನ ಮಾತಿಗೆ ದೇವರು ಬೆಲೆ ಕೊಟ್ಟಿರಲಿಕ್ಕಿಲ್ಲ. ತನ್ನದು ಗಟ್ಟಿ ಮಾತು. ಹೀಗೆ ಲೆಕ್ಕ ಹಾಕಿ ಹಾಕಿ ಹೈರಾಣಾದಳು.

ಆಪರೇಷನ್ ದಿನ ಬೆಳಿಗ್ಗೆ ನರ್ಸಮ್ಮ ಬಂದು ಗಂಡನ ಹತ್ತಿರ, “ರಕ್ತ ರೆಡಿ ಇಟ್ಕೊಳ್ಳೋಕೆ ಡಾಕ್ಟ್ರು ಹೇಳಿದ್ದಾರೆ. ಮನೆಯವರು ಯಾರಾದ್ರೂ ಕೊಡ್ತೀರಾ?” ಅಂದಳು. ಗಂಡ ಅಂಗಿಯ ತೋಳು ಮಡಚಿಕೊಂಡು ಎದ್ದ. ಪರೀಕ್ಷೆ ಮಾಡಿ, ನಿಮ್ಮದು ಇವರಿಗೆ ಹೊಂದುವುದಿಲ್ಲ ಎಂದು ವಾಪಸು ಕಳಿಸಿದರು. ಮಗಳದು ಹೊಂದಿತು.

ಕೇಳಿದ್ದೇ ತಡ, ಹೊಲಿಗೆಯಮ್ಮ ಹಾಸಿಗೆಯ ಮೇಲೆ ಎದ್ದು ಕೂತಳು. “ಅವಳದು ಬೇಡ!”

“ಯಾಕಮ್ಮ?” ನರ್ಸಮ್ಮನಿಗೆ ಅರ್ಥವಾಗಲಿಲ್ಲ.

“ಅವಳದು ಬೇಡ ಅಂದ್ರೆ ಬೇಡ! ಬೇರೆ ಯಾರದಾದ್ರೂ ತನ್ನಿ, ಇಲ್ಲದಿದ್ರೆ ನನ್ನನ್ನ ಹಾಗೇ ಬಿಡಿ. ಅವಳ ಮೈಯಿಂದ ಒಂದು ತೊಟ್ಟೂ ತೆಗೀಬಾರದು!” ಇಡೀ ವಾರ್ಡು ತಿರುಗಿ ನೋಡಿತು. ಅವಳು ಹೆದರಿದ್ದೇ ನಡೆಯುತ್ತಿತ್ತು. ತಾನು ಉಳಿಯಬೇಕು, ಅದಕ್ಕೆ ಮಗಳು ಕೊಡಬೇಕು.

ಮಗಳು ಬಂದು ಅಮ್ಮನ ಎರಡೂ ಭುಜ ಹಿಡಿದು ಒತ್ತಿ ಮಲಗಿಸಿದಳು. ಆ ಕೈಗಳು ದಿನಾ ವ್ಯಾನು ತಿರುಗಿಸಿ ತಿರುಗಿಸಿ ಗಟ್ಟಿಯಾಗಿದ್ದವು.

“ಅಮ್ಮಾ, ಇಲ್ಲಿ ಕೇಳು. ನೀನು ಕೊಡೋವಾಗ ನನ್ನನ್ನ ಕೇಳಿದ್ಯಾ? ಇಲ್ಲ ತಾನೆ? ಈಗ ನಾನೂ ಕೇಳಲ್ಲ. ಸುಮ್ನೆ ಮಲ್ಕೋ.”

“ನಿನಗೇನಾದ್ರೂ ಆದ್ರೆ...”

“ಒಂದು ಬಿಸ್ಕತ್ತು ಕೊಡ್ತಾರೆ, ತಿಂತೀನಿ. ಅಷ್ಟೇ ಆಗೋದು.”

ತಳ್ಳುಗಾಡಿಯ ಮೇಲೆ ಓಣಿಯುದ್ದಕ್ಕೂ ಹೋಗುವಾಗ ಹೊಲಿಗೆಯಮ್ಮ ಪ್ರಾರ್ಥನೆ ಮಾಡಲು ನೋಡಿದಳು. ‘ಅವಳನ್ನ ಕಾಪಾಡು, ಅದರ ಬದಲು’ ಎಂದು ಅಭ್ಯಾಸಬಲದಿಂದ ಶುರು ಮಾಡಿದಳು. ಮುಂದೆ ಹೇಳಲು ಏನೂ ಸಿಗಲಿಲ್ಲ. ಇದ್ದ ಒಂದು ಜೀವವನ್ನು ಅಂದೇ ಕೊಟ್ಟಾಗಿತ್ತು. ಹೆಚ್ಚಿನದು ಎಲ್ಲಿಂದ ತರುವುದು? ‘ಬದಲು ಏನೂ ಇಲ್ಲಪ್ಪ ನನ್ನ ಹತ್ರ’ ಎಂದಳು. ಅಷ್ಟರಲ್ಲಿ ಮೇಲೆ ದೊಡ್ಡ ದೀಪ ಹತ್ತಿತು. ಯಾರೋ ಅವಳ ಮೈಮೇಲೆ ಹಸಿರು ಬಟ್ಟೆ ಹೊದಿಸಿದರು. ಹೊಲಿಗೆ ಸೊಟ್ಟಗಿತ್ತು, ಆ ಹೊಸ ಹುಡುಗಿಯದೇ ಇರಬೇಕು. ಬೈಯಬೇಕೆಂದುಕೊಳ್ಳುವಷ್ಟರಲ್ಲಿ ಕಣ್ಣು ಎಳೆದುಕೊಂಡು ಹೋಯಿತು.

ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬೆಳಕಿತ್ತು. ಹೊಟ್ಟೆಯಲ್ಲಿ ಬೆಂಕಿ ಇಟ್ಟಂಥ ನೋವು, ಗಂಟಲು ಒಣಗಿ ಅಂಟಿಕೊಂಡಿತ್ತು. ಬದುಕಿದ್ದೇನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ತಕ್ಷಣ ತಲೆ ಹೊರಳಿಸಿ ಹುಡುಕಿದಳು. ಮಗಳು?

ಮಗಳು ಪಕ್ಕದ ಕುರ್ಚಿಯಲ್ಲಿದ್ದಳು. ತಲೆ ಒಂದು ಕಡೆ ವಾಲಿತ್ತು, ಬಾಯಿ ತೆರೆದಿತ್ತು, ಹತ್ತಿ ಅಂಟಿಸಿದ ಕೈ ಕೆಳಗೆ ಜೋತುಬಿದ್ದಿತ್ತು. ಅಲುಗಾಟವಿಲ್ಲ.

ಆಯಿತು, ತೆಗೆದುಕೊಂಡುಬಿಟ್ಟ ಎಂದುಕೊಂಡಳು ಹೊಲಿಗೆಯಮ್ಮ. ಕೂಗಲು ಬಾಯಿ ತೆರೆದಳು. ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಏಳಲು ನೋಡಿದಳು, ಹೊಲಿಗೆ ಹಾಕಿದ ಹೊಟ್ಟೆ ಏಳಗೊಡಲಿಲ್ಲ. ಕೈ ಚಾಚಿದಳು, ಮಗಳ ಮೊಣಕಾಲಿಗೆ ಇನ್ನೂ ಒಂದು ಗೇಣು ದೂರವಿತ್ತು. ‘ಬೇಡ ದೇವರೇ, ಬೇಡ, ಬೇಡ’ ಎಂದು ಒಳಗೇ ಕೂಗಿಕೊಂಡಳು.

ಆಗ ಮಗಳು ಗೊರಕೆ ಹೊಡೆದಳು. ಸಣ್ಣದಲ್ಲ, ಥೇಟ್ ಅಪ್ಪನಂಥದೇ, ಪಕ್ಕದ ಹಾಸಿಗೆಯ ಅಜ್ಜಿ ಮಗ್ಗುಲು ಬದಲಿಸುವಷ್ಟು ಜೋರು.

ಹೊಲಿಗೆಯಮ್ಮನಿಗೆ ನಗು ಬಂತು, ನಕ್ಕರೆ ಹೊಟ್ಟೆ ಹರಿದುಹೋಗುವಷ್ಟು ನೋವು, ಆ ನೋವಿಗೆ ಕಣ್ಣೀರು. ಕಣ್ಣೀರು ಕಿವಿಯೊಳಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಮಗಳನ್ನು ನೋಡುತ್ತಾ ಮಲಗಿದಳು. ಮಗಳ ಹಿಂದೆ ಯಾರಿದ್ದಾರೆ ಎಂದು ನೋಡಲಿಲ್ಲ. ಮಗಳನ್ನೇ ನೋಡಿದಳು. ಗಲ್ಲದ ಮೇಲೆ ಬಿಸ್ಕತ್ತಿನ ಪುಡಿ ಇತ್ತು. ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದಿದ್ದವು. ಅವು ಯಾವಾಗ ಬಂದವೋ ಅವಳಿಗೆ ತಿಳಿದೇ ಇರಲಿಲ್ಲ.

ನರ್ಸಮ್ಮ ಬಂದು ಮೇಲೆ ತೂಗುಹಾಕಿದ್ದ ಕೆಂಪು ಚೀಲವನ್ನು ಬೆರಳಿನಿಂದ ತಟ್ಟಿ ನೋಡಿದಳು. “ಎಚ್ಚರ ಆಯ್ತಾ ಅಮ್ಮ? ಮಗಳನ್ನ ಎಬ್ಬಿಸ್ಲಾ?”

ಹೊಲಿಗೆಯಮ್ಮ ಬೇಡ ಎಂದು ತಲೆಯಾಡಿಸಿದಳು.

ನರ್ಸಮ್ಮ ಹೋದಮೇಲೆ ಅವಳು ಚೀಲದ ಕಡೆ ಕಣ್ಣೆತ್ತಿದಳು. ಮಗಳ ರಕ್ತ ತೊಟ್ಟು ತೊಟ್ಟಾಗಿ ಕೊಳವೆಯಲ್ಲಿ ಇಳಿದು ಅವಳ ತೋಳಿನೊಳಗೆ ಹೋಗುತ್ತಿತ್ತು. ಬೇಡ ಅನ್ನಲು ಅವಳಿಗೆ ಶಕ್ತಿ ಇರಲಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸೂ ಇರಲಿಲ್ಲ.